ಊರು ಬಿಟ್ಟವರು, ಭಾಗ 3: ಹೋಟೆಲ್ ಮಾಣಿ

ಫೋಟೋದಲ್ಲಿರುವ ಹುಡುಗನ ಶರ್ಟ್ ನೋಡಿ, ತೋಳು ಮೊಣಕೈ ದಾಟಿದೆ. ಅದು ಅವನದ್ದಲ್ಲ. ಬೊಂಬಾಯಿಯ ಸ್ಟುಡಿಯೋಗೆ ಹೋಗ್ಲಿಕ್ಕೆ ಹೋಟೆಲಿನ ಅಡುಗೆಯವರು ಕೊಟ್ಟದ್ದು. ವರ್ಷ 1955, ವಯಸ್ಸು 11. ನನ್ನ ಅಜ್ಜ.

ಮಾಣಿ ಅಂದ್ರೆ ನಮ್ಮ ಬಂಟ್ವಾಳದವರಿಗೆ ಹೈವೇಯ ಮಾಣಿ ಜಂಕ್ಷನ್ ನೆನಪಾಗ್ತದೆ. ಅದಲ್ಲ ಮಾರಾಯ್ರೆ. ಕರಾವಳಿ ಕನ್ನಡದಲ್ಲಿ ಮಾಣಿ ಅಂದ್ರೆ ಸಣ್ಣ ಹುಡುಗ. ಹೋಟೆಲಲ್ಲಿ ತಿಂಡಿ ತಂದುಕೊಡುವವನಿಗೂ ಅದೇ ಹೆಸರು. ಆ ಕೆಲಸಕ್ಕೆ ಬರುತ್ತಿದ್ದವರು ನಿಜವಾಗಿ ಮಕ್ಕಳೇ ಆಗಿದ್ದರು, ಅದಕ್ಕೇ ಇರಬೇಕು ಅಂತ ನನ್ನ ಲೆಕ್ಕ.

ಮಕ್ಕಳನ್ನು ಯಾಕೆ ಕಳಿಸಿದ್ರು? ಗದ್ದೆ ಧಣಿಗಳದ್ದು. ಗೇಣಿಗೆ ಅಕ್ಕಿಮುಡಿ ಕೊಟ್ಟ ಮೇಲೆ ಆಟಿ ತಿಂಗಳಿಗೆ ಉಳಿಯುತ್ತಿದ್ದದ್ದು ಕಮ್ಮಿ. ಉಳುವವನಿಗೇ ಭೂಮಿ ಅಂತ ಕಾನೂನು ಗಟ್ಟಿಯಾದದ್ದು 1974ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಹುಡುಗರು ಬೊಂಬಾಯಿಯಲ್ಲಿ ಮೀಸೆ ಬಂದವರಾಗಿದ್ದರು.

ಹೋಟೆಲಿನ ಚರಿತ್ರೆಯಲ್ಲಿ ದೊಡ್ಡ ಹೆಸರುಗಳು ಉಂಟು. ಮೂಡುಬಿದಿರೆ ಹತ್ತಿರದ ಕಡಂದಲೆಯ ಕೃಷ್ಣ ರಾವ್ ಅಡುಗೆಮನೆ ಕೆಲಸದಿಂದ ಮೇಲೆ ಬಂದು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದ್ರು. ಅವರ ಬಗ್ಗೆ ಓದ್ಲಿಕ್ಕೆ ಸಿಗ್ತದೆ. ಲೋಟ ತೊಳೆದ ಹುಡುಗರ ಬಗ್ಗೆ ಹುಡುಕಿ ನೋಡಿ.

ಅಜ್ಜ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದರಂತೆ. ಮೊದಲು ಲೋಟ, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ಮಲಗುವುದು. ಬಚಾವ್ ಮಾಡಿದ್ದು ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆ. ನಮ್ಮೂರ ಸಂಘಗಳು ಇಂಥ ಶಾಲೆಗಳನ್ನು ದುಡಿಯುವ ಹುಡುಗರಿಗೆಂದೇ ನಡೆಸುತ್ತಿದ್ದವು. ಗಿರಾಕಿಗಳ ಹತ್ತಿರ ಹಿಂದಿ, ಮರಾಠಿ. ಕೆಲಸದವರ ಹತ್ತಿರ ತುಳು. ಕನ್ನಡ ರಾತ್ರಿ ಮಾತ್ರ. ಕ್ಲಾಸಲ್ಲಿ ಅರ್ಧ ಜನ ನಿದ್ದೆ ಅಂತ ಅಜ್ಜ ನಗ್ತಾರೆ.

ತಮಾಷೆ ಕೇಳಿ: ಊರು ಬಿಡುವಾಗ ಬಂಟ್ವಾಳ ಮದ್ರಾಸ್ ರಾಜ್ಯದಲ್ಲಿತ್ತು. ನಾಲ್ಕು ವರ್ಷ ಬಿಟ್ಟು ಮೊದಲ ರಜೆಗೆ ಬರುವಾಗ ಮೈಸೂರು ರಾಜ್ಯ. 1960ರ ಮೇ 1ಕ್ಕೆ ಬೊಂಬಾಯಿಯೂ ಮಹಾರಾಷ್ಟ್ರವಾಯ್ತು. ಆ ರಜೆಯಲ್ಲಿ ಸಣ್ಣ ತಂಗಿ ಅಣ್ಣನ ಗುರ್ತ ಸಿಗದೆ ಬಾಗಿಲ ಹಿಂದೆ ಅಡಗಿದಳಂತೆ. ಇದನ್ನು ಹೇಳುವಾಗ ಮಾತ್ರ ಅಜ್ಜ ನಗುವುದಿಲ್ಲ.

1966ರಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರು ವಾಪಸ್ ಹೋಗಿ ಅಂತ ಗಲಾಟೆ ಶುರುವಾಯ್ತು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಅಜ್ಜನಿಗೆ ಆಗ 22. ಅರ್ಧ ಆಯಸ್ಸು ಅಲ್ಲೇ ಕಳೆದಿತ್ತು. "ವಾಪಸ್ ಅಂದ್ರೆ ಎಲ್ಲಿಗೆ? ಊರಲ್ಲಿ ನಾನು ಬೊಂಬಾಯಿಯವ," ಅಂತಾರೆ.

ಇದೆಲ್ಲ ಕಾನೂನಿಗೆ ವಿರುದ್ಧ ಅಲ್ವಾ ಅಂತ ಕೇಳ್ಬಹುದು. ಸಂವಿಧಾನದ 24ನೇ ವಿಧಿ 14ರ ಒಳಗಿನವರನ್ನು ಕಾರ್ಖಾನೆ, ಗಣಿ, ಅಪಾಯದ ಕೆಲಸಗಳಿಂದ ದೂರ ಇಟ್ಟಿತು. ಹೋಟೆಲ್ ಕೆಲಸ ನಿಷೇಧದ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ಕ್ಕೆ. ಅಜ್ಜನಿಗೆ ಆಗ 62.

ನಿಮ್ಮ ಮನೆಯಲ್ಲೂ ಇಂಥ ಫೋಟೋ ಉಂಟಾ? ಎಷ್ಟನೇ ವಯಸ್ಸಿಗೆ ಹೋದದ್ದು ಅಂತ ಕೇಳಿ, ಕಮೆಂಟಲ್ಲಿ ಬರೀರಿ. ಭಾಗ 4ರಲ್ಲಿ ಮನಿ ಆರ್ಡರ್ ಚೀಟಿಗಳು.