ಸ್ಟೇಷನ್ನಿನಿಂದ ಗೇಟಿನವರೆಗೆ

ಬೆಂಗಳೂರಿನ ಚರಿತ್ರೆ ಬರೆದವರು ರೈಲಿಗೆ ಒಂದು ಅಧ್ಯಾಯ ಕೊಟ್ಟಿದ್ದಾರೆ, ಕಾರ್ಖಾನೆಗಳಿಗೆ ಇನ್ನೊಂದು. ಇವೆರಡರ ನಡುವಿನ ನಾಲ್ಕೈದು ಮೈಲಿಯ ದಾರಿಯನ್ನು ಕುರಿತು ಬರೆದವರು ಕಡಿಮೆ. ರೈಲಿನಿಂದ ಇಳಿದ ಕೆಲಸಗಾರ ಊರಾಚೆಯ ಕಾರ್ಖಾನೆಯ ಗೇಟು ಮುಟ್ಟುವುದು ಹೇಗೆ? ಅವನನ್ನು ಕರೆದೊಯ್ಯುವವರು ಯಾರು? ಖರ್ಚು ಯಾರದ್ದು? ಈ ಚಿಕ್ಕ ಪ್ರಶ್ನೆಗಳಿಗೆ ಊರು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಅವನ್ನು ಒಟ್ಟಿಗಿಟ್ಟು ನೋಡಿದರೆ ನಗರ ಯಾರನ್ನು ತನ್ನವರೆಂದು ಎಣಿಸಿತು, ಯಾರನ್ನು ಹೊರಗಿಟ್ಟಿತು ಎಂಬುದು ತಿಳಿಯುತ್ತದೆ.

ಮೊದಲಿದ್ದದ್ದು ಜಟಕಾ. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ದಂಡು ಸ್ಟೇಷನ್ನಿಗೆ ಬಂತು. 1880ರ ದಶಕದ ಆರಂಭದಲ್ಲಿ ಮೈಸೂರಿನ ಹಳಿಯೂ ಸಿದ್ಧವಾಗಿ ಸಿಟಿ ಸ್ಟೇಷನ್ ಬಳಕೆಗೆ ಬಂತು. ಸ್ಟೇಷನ್ನಿನ ಹೊರಗೆ ಕಾಯುವ ಜಟಕಾಗಳಲ್ಲಿ ಮೂರು ನಾಲ್ಕು ಮಂದಿ ಹುಲ್ಲಿನ ಮೆತ್ತೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ಭಾರ ಹಿಂದಾದರೆ ಗಾಡಿ ಎತ್ತುತ್ತದೆ. ‘ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ’ ಎಂದು ಗಾಡಿಯವನು ಎಲ್ಲರನ್ನೂ ಸರಿಸಿ ಕೂರಿಸಬೇಕು. ಉರ್ದುವಿನಲ್ಲಿ ‘ಸವಾರಿ’ ಎಂದರೆ ಪಯಣವೂ ಹೌದು, ಪಯಣಿಗನೂ ಹೌದು. ಜಟಕಾದವರ ಮಾತಿನಲ್ಲಿ ಆ ಎರಡು ಅರ್ಥಗಳೂ ಒಂದೇ ಗಾಡಿಯಲ್ಲಿ ಸಾಗುತ್ತಿದ್ದವು.

ಗಾಡಿ ಹೊಡೆಯುವವರಲ್ಲಿ ಮುಸ್ಲಿಮರು ಬಹಳ. ಡಿ.ವಿ.ಜಿ.ಯವರು 1943ರಲ್ಲಿ ಪ್ರಕಟಿಸಿದ ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕನ್ನು ಜಟಕಾಕ್ಕೆ ಹೋಲಿಸಿದಾಗ, ಅದನ್ನು ನಡೆಸುವ ವಿಧಿಗೆ ಇಟ್ಟ ಹೆಸರು ‘ಸಾಹೇಬ’. ಆಗಿನ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾಡಿಯ ಮುಂದೆ ಕೂತ ಸಾಹೇಬರನ್ನು ಅವರು ದಿನವೂ ನೋಡುತ್ತಿದ್ದರು. ಆ ಸಾಹೇಬರು ಕಾವ್ಯದಲ್ಲಿ ಉಳಿದರು, ಚರಿತ್ರೆಯಲ್ಲಿ ಹೆಸರಿಲ್ಲದೆ ಹೋದರು.

ಕಗ್ಗ ಬರುವ ಹೊತ್ತಿಗೆ ಊರು ಬದಲಾಗತೊಡಗಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಸ್ವಾತಂತ್ರ್ಯಾನಂತರ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ದೂರವಾಣಿನಗರವಾಗಲಿ ಜಾಲಹಳ್ಳಿಯಾಗಲಿ ಆಗ ಊರಿನಿಂದ ಹೊರಗೆ. ಬೆಳಗಿನ ಸೈರನ್ನಿನ ಹೊತ್ತಿಗೆ ಸಾವಿರಾರು ಮಂದಿಯನ್ನು ಒಟ್ಟಿಗೆ ಮುಟ್ಟಿಸುವುದು ಕುದುರೆಗಳಿಂದ ಆಗುವ ಕೆಲಸವಲ್ಲ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ 1956ರಲ್ಲಿ ಸರ್ಕಾರದ ಕೈಗೆ ಬಂದು ಬಿಟಿಎಸ್ ಆದರೂ ಅದರ ಬಸ್ಸುಗಳು ಎಲ್ಲಕ್ಕೂ ಸಾಲುತ್ತಿರಲಿಲ್ಲ.

ಕಾರ್ಖಾನೆಗಳು ಎರಡು ದಾರಿ ಕಂಡುಕೊಂಡವು. ಗೇಟಿನ ಪಕ್ಕದಲ್ಲೇ ಕಾಲೊನಿ ಕಟ್ಟಿದವು. ಊರೊಳಗೆ ಇದ್ದವರಿಗೆ ಬಸ್ಸು ಕಳಿಸಿದವು. ಈ ಫ್ಯಾಕ್ಟರಿ ಬಸ್ಸು ಬೆಂಗಳೂರಿನ ಬದುಕಿನಲ್ಲಿ ದೊಡ್ಡ ಸಂಗತಿ. ಬಡಾವಣೆಯ ತಿರುವಿನಲ್ಲಿ ಊಟದ ಡಬ್ಬಿ ಹಿಡಿದು ನಿಂತವರನ್ನು ನೋಡಿ ಮನೆಯವರು ಗಡಿಯಾರ ಸರಿ ಮಾಡಿಕೊಳ್ಳುವಷ್ಟು ಅದರ ಹೊತ್ತು ಖಚಿತ. ಫಿಟ್ಟರ್, ಟೈಪಿಸ್ಟ್, ಟೆಲಿಫೋನು ಜೋಡಿಸುವ ಹೆಂಗಸರು ಒಂದೇ ಸಾಲಿನಲ್ಲಿ ಕೂತರು. ಮನೆಯಿಂದ ಗೇಟಿನವರೆಗಿನ ದಾರಿಯೂ ನೌಕರಿಯ ಭಾಗ ಎಂದು ಕಾರ್ಖಾನೆ ಒಪ್ಪಿಕೊಂಡಿತ್ತು ಎಂಬುದೇ ಇದರ ಮುಖ್ಯಾಂಶ. ಬಸ್ಸು ಓಡಿಸುವವನೂ ಆ ದಿನಗಳಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ನೌಕರನೇ. ಅವನಿಗೂ ಸಂಬಳದ ಚೀಟಿ, ಭವಿಷ್ಯನಿಧಿ, ಕ್ಯಾಂಟೀನಿನ ಊಟ. ಜಟಕಾದವರ ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬನಿಗೆ ಅಂಥ ಕೆಲಸ ಸಿಕ್ಕರೆ, ದಿನದ ಸಂಪಾದನೆಯ ಕುಟುಂಬ ತಿಂಗಳ ಸಂಬಳದ ಕುಟುಂಬವಾಗುತ್ತಿತ್ತು.

ಗುತ್ತಿಗೆಗೆ ಓಡುವ ಖಾಸಗಿ ಬಸ್ಸುಗಳ ಕಥೆ ಬೇರೆ. 1976ರಲ್ಲಿ ದೇವರಾಜ ಅರಸರ ಸರ್ಕಾರ ಕಾನೂನು ತಂದು ರಾಜ್ಯದ ಕಾಂಟ್ರಾಕ್ಟ್ ಕ್ಯಾರೇಜ್ ಬಸ್ಸುಗಳನ್ನು ವಶಪಡಿಸಿಕೊಂಡಿತು. ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1977ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಕಾನೂನನ್ನು ಎತ್ತಿಹಿಡಿಯಿತು. ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವೇ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಬರೆದರು. ಆ ಒಂದು ಮಾತಿನ ಸುತ್ತ ದಶಕಗಳ ಕಾಲ ವಾದ ನಡೆಯಿತು. 2024ರ ನವೆಂಬರಿನಲ್ಲಿ ಒಂಬತ್ತು ಮಂದಿಯ ಪೀಠ, ಎಲ್ಲ ಖಾಸಗಿ ಆಸ್ತಿಗೂ ಅದು ಅನ್ವಯಿಸದು ಎಂದು ಬಹುಮತದಿಂದ ಹೇಳಿತು. ಸಂವಿಧಾನದ ಇಷ್ಟು ದೊಡ್ಡ ಚರ್ಚೆಯೊಂದು ಕರ್ನಾಟಕದ ಬಾಡಿಗೆ ಬಸ್ಸಿನಿಂದ ಶುರುವಾಯಿತು ಎಂಬುದು ಬಸ್ಸಿನಲ್ಲಿ ಕೂರುವ ಎಷ್ಟು ಜನಕ್ಕೆ ಗೊತ್ತು?

2003ರಲ್ಲಿ ರಾಜ್ಯವೇ ಆ ಕಾನೂನನ್ನು ರದ್ದುಮಾಡಿತು. ಅಷ್ಟರಲ್ಲಿ ಕಾರ್ಖಾನೆಗಳು ಸೊರಗತೊಡಗಿದ್ದವು. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ, ವೈಟ್‌ಫೀಲ್ಡಿನಲ್ಲಿ ಗಾಜಿನ ಕಟ್ಟಡಗಳು ಎದ್ದಿದ್ದವು. ಈ ಕಂಪೆನಿಗಳೂ ನೌಕರರನ್ನು ಕರೆತರುವ ವಾಹನ ಇಟ್ಟವು. ಆದರೆ ವಾಹನ ಗುತ್ತಿಗೆದಾರನದು, ಸಾಲ ಚಾಲಕನದು. ನಿದ್ದೆಯಿಲ್ಲದ ಎರಡು ಪಾಳಿಯೂ ಅವನದೇ. ಗೇಟಿನೊಳಗೆ ಅವನಿಗೆ ಕ್ಯಾಂಟೀನಿಲ್ಲ, ಶೌಚಾಲಯಕ್ಕೂ ಕಾವಲುಗಾರನನ್ನು ಕೇಳಬೇಕು. 2005ರ ಡಿಸೆಂಬರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್‌ಸೆಂಟರಿನ ಯುವತಿಯೊಬ್ಬಳು ಕ್ಯಾಬ್ ಚಾಲಕನ ಕೈಯಲ್ಲಿ ಕೊಲೆಯಾದಳು. ಆಮೇಲೆ ನಿಯಮಗಳು ಬಿಗಿಯಾದವು. ರಾತ್ರಿ ಪಾಳಿಯ ಹೆಂಗಸರನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುವುದು ಕಂಪೆನಿಯ ಹೊಣೆ ಎಂಬ ಮಾತು ಗಟ್ಟಿಯಾಯಿತು. ಆಗಬೇಕಾದದ್ದೇ ಅದು. ಆದರೆ ಒಬ್ಬನ ಪಾತಕದ ನೆರಳು ಸಾವಿರಾರು ಚಾಲಕರ ಮೇಲೆ ಬಿತ್ತು. ಅವರ ಚಲನವಲನದ ತಪಾಸಣೆ ಹೆಚ್ಚಿತು. ಅವರ ದುಡಿಮೆಯ ಗಂಟೆಗಳನ್ನು ಅಷ್ಟೇ ಆಸಕ್ತಿಯಿಂದ ಎಣಿಸಿದವರು ಕಡಿಮೆ.

ಕಂಪೆನಿಯ ವಾಹನ ಹತ್ತಲು ಹಕ್ಕಿಲ್ಲದವರೂ ಆ ಗಾಜಿನ ಕಟ್ಟಡಗಳಿಗೇ ಹೋಗುತ್ತಾರೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಕೆಜಿಎಫ್‌ನ ಸಾವಿರಾರು ಮಂದಿ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ಬಂದು ರಾತ್ರಿ ಮರಳುವ ಬದುಕಿಗೆ ಬಿದ್ದರು. ನೆಲ ಒರೆಸುವವರು, ಸೆಕ್ಯುರಿಟಿಯವರು, ಅಂಗಡಿಯಲ್ಲಿ ನಿಲ್ಲುವವರು ವೈಟ್‌ಫೀಲ್ಡ್, ಕೃಷ್ಣರಾಜಪುರ ಸ್ಟೇಷನ್ನುಗಳಲ್ಲಿ ಇಳಿದರೆ ಹೊರಗೆ ಕಾಯುವುದು ಶೇರ್ ಆಟೊ. ಮೂವರ ಜಾಗದಲ್ಲಿ ಆರು ಮಂದಿ, ಚಾಲಕನ ಅಕ್ಕಪಕ್ಕ ಇನ್ನಿಬ್ಬರು. ಜಟಕಾದ ಲೆಕ್ಕವೇ ಮರಳಿ ಬಂದಂತೆ. ‘ಸವಾರಿ’ ಎಂಬ ಮಾತು ಹೋಗಿ ‘ಸೀಟು’ ಎಂಬುದು ಬಂತು, ಅಷ್ಟೇ.

ಕಾನೂನಿನ ಕಣ್ಣಿಗೆ ಇದು ಅಪರಾಧ. ಒಂದು ಒಪ್ಪಂದಕ್ಕೆ ಇಡೀ ಗಾಡಿ ಬಾಡಿಗೆ ಹೋಗಬೇಕು. ಸೀಟಿಗಿಷ್ಟು ಎಂದು ತೆಗೆದುಕೊಂಡು ದಾರಿಯಲ್ಲಿ ಹತ್ತಿಸಿ ಇಳಿಸುವುದಕ್ಕೆ ಬೇರೆ ಪರವಾನಗಿ ಬೇಕು. 2015ರ ಸುಮಾರಿಗೆ ಮೊಬೈಲಿನಲ್ಲಿ ಸೀಟು ಮಾರುವ ಮಿನಿಬಸ್ಸು ಕಂಪೆನಿಗಳು ಬಂದಾಗಲೂ ಇದೇ ತಕರಾರು ಎದ್ದಿತು. ಬಂಡವಾಳ ಇದ್ದವರು ಕೆಲ ವರ್ಷದಲ್ಲಿ ಅಂಗಡಿ ಮುಚ್ಚಿ ಬೇರೆ ವ್ಯಾಪಾರಕ್ಕೆ ಹೋದರು. ಶೇರ್ ಆಟೊದವನು ದಂಡ ಕಟ್ಟಿ ಮರುದಿನ ಅದೇ ಜಾಗದಲ್ಲಿ ನಿಂತ. ಅವನಿಗೆ ಹೋಗಲು ಬೇರೆ ವ್ಯಾಪಾರವಿರಲಿಲ್ಲ.

2011ರ ಅಕ್ಟೋಬರ್ 20ರಂದು ಮೆಟ್ರೊ ಬಂತು. 2023ರಲ್ಲಿ ಅದು ವೈಟ್‌ಫೀಲ್ಡ್ ಮುಟ್ಟಿತು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ಸ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಯಿತು. ಮೆಟ್ರೊ ನಿಲ್ದಾಣದಿಂದ ಕಚೇರಿಗಳ ಕಡೆಗೆ ಬಿಎಂಟಿಸಿಯ ಫೀಡರ್ ಬಸ್ಸುಗಳು ಓಡತೊಡಗಿದವು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು, ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಪಯಣ ಉಚಿತವಾಯಿತು. ಗಾಜಿನ ಕಟ್ಟಡದ ನೆಲ ಒರೆಸುವ ಹೆಂಗಸಿನ ದಾರಿಖರ್ಚಿನಲ್ಲಿ ಸರ್ಕಾರ ಪಾಲು ಹೊತ್ತದ್ದು ಸಣ್ಣ ಸಂಗತಿಯಲ್ಲ. ಅದೇ ಹೊತ್ತಿಗೆ ಮೆಟ್ರೊದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60 ರೂಪಾಯಿಯಿಂದ 90ಕ್ಕೆ ಏರಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ತೆಗೆದುಕೊಂಡಿತು. ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಕಂಡಕ್ಟರ್ ನಿಗಮದವನು, ಚಾಲಕ ಗುತ್ತಿಗೆ ಕಂಪೆನಿಯವನು. ಒಂದೇ ಬಸ್ಸಿನಲ್ಲಿ ಎರಡು ನೌಕರಿ, ಎರಡು ಭವಿಷ್ಯ.

ಫ್ಯಾಕ್ಟರಿ ಬಸ್ಸಿನ ಕಾಲವನ್ನು ಸ್ವರ್ಗವೆಂದು ಹೊಗಳಬೇಕಿಲ್ಲ. ಅದು ಕಾಯಂ ನೌಕರರ ಬಸ್ಸು. ಹೊರಗಿನ ಕೂಲಿಗೆ ಅದರಲ್ಲಿ ಜಾಗವಿರಲಿಲ್ಲ. ಆದರೂ ಅದು ಒಂದು ಮಾತು ಒಪ್ಪಿಕೊಂಡಿತ್ತು: ದುಡಿಯುವವರನ್ನು ಗೇಟಿಗೆ ಮುಟ್ಟಿಸುವುದು ದುಡಿಸಿಕೊಳ್ಳುವವರ ಜವಾಬ್ದಾರಿ, ಮುಟ್ಟಿಸುವವನೂ ದುಡಿಯುವವನೇ. ಮೆಟ್ರೊದ ಕಂಬಗಳನ್ನು ಲೆಕ್ಕ ಹಾಕುವ ನಾವು ಇಂದು ಕೇಳಬೇಕಾದ್ದು ಕಂಬ ಮುಗಿದ ಮೇಲಿನ ಎರಡು ಕಿಲೋಮೀಟರಿನ ಮಾತು. ಅಲ್ಲಿ ಕೆಜಿಎಫ್‌ನಿಂದ ಬಂದವನಿಗೆ ನ್ಯಾಯವಾದ ದರಕ್ಕೆ ಕೂರಲು ಜಾಗವಿದೆಯೇ? ಅವನನ್ನು ಕರೆದೊಯ್ಯುವ ಸಾಹೇಬನಿಗೆ, ಅವನು ಯಾವ ಜಾತಿ ಮತದವನೇ ಇರಲಿ, ತಿಂಗಳ ಕೊನೆಗೆ ಸಂಬಳದ ಚೀಟಿ ಸಿಗುತ್ತದೆಯೇ?