ನಾರುಮಡಿಯ ಯುವಕ
ಮಾರ್ಕನ ಸುವಾರ್ತೆಯಲ್ಲಿ (14:51–52) ಮಾತ್ರ ಬರುವ ಹೆಸರಿಲ್ಲದ ಪಾತ್ರ. ಗೆತ್ಸೇಮನೆ ತೋಟದಲ್ಲಿ ಯೇಸುವಿನ ಬಂಧನವಾದಾಗ ಬರಿಮೈಮೇಲೆ ನಾರುಮಡಿ ಹೊದ್ದು ಹಿಂಬಾಲಿಸುತ್ತಿದ್ದ ಈತ, ಹಿಡಿದವರ ಕೈಯಲ್ಲಿ ಬಟ್ಟೆ ಬಿಟ್ಟು ಬೆತ್ತಲೆಯಾಗಿ ಓಡಿಹೋಗುತ್ತಾನೆ. ಮತ್ತಾಯ, ಲೂಕರು ಈ ಪ್ರಸಂಗವನ್ನೇ ಕೈಬಿಟ್ಟಿದ್ದಾರೆ.

ಈತನೇ ಸುವಾರ್ತೆಕಾರ ಮಾರ್ಕನೆಂಬ ಊಹೆ ಜನಪ್ರಿಯ. ಯೆರೂಸಲೇಮಿನಲ್ಲಿ ಮಾರ್ಕನೆನಿಸಿಕೊಂಡ ಯೋಹಾನನ ತಾಯಿಯ ಮನೆಯಿತ್ತೆಂಬುದು (ಅಪೊಸ್ತಲರ ಕೃತ್ಯಗಳು 12:12) ಅದರ ಆಸರೆ. ಆದರೆ ಊರಲ್ಲಿ ಮನೆಯಿದ್ದ ಮಾತ್ರಕ್ಕೆ ಮಗ ಆ ರಾತ್ರಿ ತೋಟದಲ್ಲಿದ್ದನೆನ್ನಲಾಗದು. ಪಾತ್ರದ ಅರ್ಥವನ್ನು ಅದು ಬರುವ ಜಾಗದಲ್ಲೇ ಹುಡುಕಬೇಕು. ಹಿಂದಿನ ವಾಕ್ಯದಲ್ಲಿ ಶಿಷ್ಯರೆಲ್ಲ ಪರಾರಿ. ಮುಂದೆ ಪೇತ್ರ ದೂರದಿಂದ ಹಿಂಬಾಲಿಸಿ, ಕೊನೆಗೆ ಗುರುವನ್ನು ಅರಿಯೆನೆನ್ನುತ್ತಾನೆ. ನಡುವಿನ ಯುವಕನೂ ಹಿಂಬಾಲಿಸಹೊರಟು ಸೋತವನೇ. ಶಿಷ್ಯತ್ವದ ಕುಸಿತ ಅವನಲ್ಲಿ ಕಣ್ಣಿಗೆ ಕಾಣುತ್ತದೆ. ಕಥೆಗೆ ಬೇಡದ ಇಂಥ ವಿವರ ಕಣ್ಣಾರೆ ಕಂಡದ್ದೇ ಇರಬೇಕೆಂಬ ಆಕ್ಷೇಪವುಂಟು. ಇರಬಹುದು, ಆದರೆ ನಾಲ್ಕರಲ್ಲಿ ಅತಿ ಚಿಕ್ಕ ಸುವಾರ್ತೆ ಬರೆದವನು ನೆನಪಾದದ್ದನ್ನೆಲ್ಲ ತುಂಬಿದವನಲ್ಲ, ಉಳಿಸಿಕೊಂಡದ್ದಕ್ಕೆ ಕಾರಣವಿರಬೇಕು. ಯೇಸುವಿನ ಶವಕ್ಕೆ ಅರಿಮಥಾಯದ ಯೋಸೇಫ ಸುತ್ತಿದ್ದೂ ನಾರುಮಡಿಯೇ (15:46) ಎಂಬುದು ಈ ಓದಿಗೆ ಬಲ ಕೊಡುತ್ತದೆ: ಯುವಕ ಬಿಟ್ಟೋಡಿದಂಥದೇ ಬಟ್ಟೆ ಓಡದೆ ನಿಂತ ಗುರುವಿನ ಮೈಮೇಲೆ ಬರುತ್ತದೆ. ಸಮಾಧಿಯಲ್ಲಿ ಬಿಳಿ ನಿಲುವಂಗಿ ತೊಟ್ಟು ಕುಳಿತ ಯುವಕನೂ (16:5) ಇವನೇ ಎಂಬ ವಾದ ಆಕರ್ಷಕವಾದರೂ ದುರ್ಬಲ: ಅಲ್ಲಿ ಮಾರ್ಕ ಅವನನ್ನು ಹೊಸಬನಂತೆಯೇ ಪರಿಚಯಿಸುತ್ತಾನೆ.