ಅಂಕನಭಾಷೆ ಮತ್ತು ಕ್ರಮವಿಧಿಭಾಷೆ: ‘ಸಂಜದ’ ಪದದ ನಿದರ್ಶನ

ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರವು ಮಣುಸಿಣಿಯರು ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರೆಂಬುದನ್ನು ನಿರೂಪಿಸುತ್ತದೆ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾಟೀಕಾಸಹಿತವಾಗಿ ಇದರ ಪ್ರಥಮ ಸಂಪುಟವು 1939ರಲ್ಲಿ ಮುದ್ರಿತವಾದಾಗ, ಆಧಾರವಾಗಿದ್ದ ಪ್ರತಿಗಳಲ್ಲಿ ‘ಸಂಜದ’ ಪದವಿರಲಿಲ್ಲ. ಟೀಕೆಯ ಅರ್ಥಸಂಗತಿಯನ್ನು ಪರಿಶೀಲಿಸಿದ ಸಂಪಾದಕರು ಅದನ್ನು ಮೂಲದೊಳಕ್ಕೆ ಸೇರಿಸದೆ, ಅಲ್ಲಿ ಆ ಪದವು ಬಿಟ್ಟುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ದ್ರವ್ಯಸ್ತ್ರೀ-ಭಾವಸ್ತ್ರೀ ವಿವೇಚನೆಯೂ ಸ್ತ್ರೀಮುಕ್ತಿಯ ಪ್ರಶ್ನೆಯೂ ಆ ಒಂದು ಪದವನ್ನು ಅವಲಂಬಿಸಿದ್ದುದರಿಂದ ಪಂಡಿತರಲ್ಲಿ ತೀವ್ರ ವಾದವೇ ನಡೆಯಿತು. ಮೂಡುಬಿದಿರೆಯ ತಾಡವಾಲೆಗಳಲ್ಲಿ ಪದವಿರುವುದು ಅನಂತರ ದೃಢಪಟ್ಟಿತು.

ಮೂಲಪಾಠವನ್ನೂ ಸಂಪಾದಕನ ಊಹೆಯನ್ನೂ ಬೇರೆಬೇರೆಯಾಗಿ ಇರಿಸುವ ಈ ಶಿಸ್ತೇ, ಗ್ರಂಥಗಳನ್ನು ಗಣಕಯಂತ್ರಕ್ಕೆ ಅಳವಡಿಸುವಾಗ ಬಳಸುವ ಅಂಕನಭಾಷೆಯ ಜೀವಾಳ. ಇದಕ್ಕೆ ‘ಮಾರ್ಕಪ್’ ಎಂಬ ಹೆಸರು ಬಂದುದೇ ಮುದ್ರಣಾಲಯದಿಂದ. ಮೊಳೆ ಜೋಡಿಸುವವನಿಗಾಗಿ ಹಸ್ತಪ್ರತಿಯ ಮೇಲೆ ಹಾಕುತ್ತಿದ್ದ ಗುರುತುಗಳಿಗೆ ಆ ಹೆಸರಿತ್ತು. 1969ರಲ್ಲಿ ಐಬಿಎಂ ಸಂಸ್ಥೆಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಜಿಎಂಎಲ್ ಭಾಷೆಯನ್ನು ರೂಪಿಸಿದರು. ಅದರಿಂದ ಬೆಳೆದ ಎಸ್‌ಜಿಎಂಎಲ್ 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. 1987ರಲ್ಲಿ ಆರಂಭವಾದ ‘ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್’ ಗ್ರಂಥಸಂಪಾದಕರಿಗೆಂದೇ ಅಂಕನಗಳನ್ನು ನಿಯಮಿಸಿತು. ತ್ರುಟಿತಭಾಗ, ಸಂದಿಗ್ಧಾಕ್ಷರ, ಲಿಪಿಕಾರನು ಹೊಡೆದುಹಾಕಿದ್ದು, ಸಂಪಾದಕನು ಪೂರೈಸಿದ್ದು, ಇವುಗಳಿಗೆ ಅದರಲ್ಲಿ ಪ್ರತ್ಯೇಕ ಗುರುತುಗಳಿವೆ.

ಕ್ರಮವಿಧಿಭಾಷೆಯ ಸ್ವಭಾವ ಬೇರೆ. 1957ರ ಫೋರ್ಟ್ರಾನ್ ಮೊದಲಾದವು ಯಂತ್ರಕ್ಕೆ ಎಣಿಸು, ಹೋಲಿಸು, ಹೀಗಾದರೆ ಮತ್ತೆ ಮಾಡು ಎಂದು ಆಜ್ಞಾಪಿಸುತ್ತವೆ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಅಂಕನವು ಸಂಜ್ಞಾಸೂತ್ರದಂತೆ, ಕ್ರಮವಿಧಿಯು ವಿಧಿಸೂತ್ರದಂತೆ. ಮೊದಲನೆಯದು ಹೆಸರಿಡುತ್ತದೆ, ಎರಡನೆಯದು ಕಾರ್ಯವನ್ನು ನಡೆಸುತ್ತದೆ. ಎರಡೂ ಬೆರೆತ ಉದಾಹರಣೆಗಳಿಲ್ಲದಿಲ್ಲ. ಡೊನಾಲ್ಡ್ ಕ್ನೂತರ ಟೆಕ್ ಎಂಬ ಅಕ್ಷರಜೋಡಣೆಯ ಭಾಷೆ ಅಂಥದು.

ಈ ಭೇದವನ್ನು ಮರೆತರೆ ಆಗುವ ಹಾನಿ ಸಾಮಾನ್ಯವಾದುದಲ್ಲ. ‘ಸಂಜದ’ ಪದವನ್ನು ಕೇವಲ ದಪ್ಪಕ್ಷರದಲ್ಲಿಯೋ ಆವರಣದಲ್ಲಿಯೋ ಕೂಡಿಸಿದರೆ, ಅಕ್ಷರರೂಪ ಬದಲಾದೊಡನೆ ಅದು ಯಾರ ಪಾಠವೆಂಬುದು ಅಳಿಸಿಹೋಗಬಹುದು. ಕ್ರಮವಿಧಿಯೊಂದು ಲೋಪವನ್ನು ತಾನಾಗಿ ತುಂಬಿ ಸುಮ್ಮನಾದರಂತೂ ಊಹಾಪಾಠವೇ ಆಗಮಪಾಠವೆನಿಸೀತು. ‘ಸಂಪಾದಕನಿಂದ ಪೂರಿತ, 1939’ ಎಂದು ಅಂಕಿತವಾಗಿದ್ದರೆ, ಅದೇ ಕ್ರಮವಿಧಿಯು ಪೂರಿತ ಪದಗಳನ್ನೆಲ್ಲ ಕ್ಷಣದಲ್ಲಿ ಪಟ್ಟಿಮಾಡಬಲ್ಲದು, ಪದವಿರುವ ಮತ್ತು ಇಲ್ಲದ ಎರಡು ಪಾಠಗಳನ್ನೂ ತೋರಿಸಬಲ್ಲದು. ಪದವು ಅಲ್ಲಿ ಇರತಕ್ಕದ್ದೇ ಎಂಬುದನ್ನು ಟೀಕೆಯನ್ನು ಬಲ್ಲವನೇ ನಿರ್ಣಯಿಸಬೇಕು. ಓಲೆಯ ಸಾಕ್ಷ್ಯ ದೊರೆತಾಗ ಬದಲಾಗಬೇಕಾದುದು ಆ ಅಂಕನವೊಂದೇ. ಸೂತ್ರದ ಅಕ್ಷರಗಳನ್ನು ಮುಟ್ಟಬೇಕಾಗಿಲ್ಲ.